ಬಳೆಗಾರ್ತಿಯ ಕೈ

ಹುಬ್ಬಳ್ಳಿ
14 ಜೂನ್ 2024

ಅಮ್ಮೀಗೆ ನೂರ್ ಫಾತಿಮಾಳ ಸಲಾಂ.

ರೈಲು ಇಳಿದವಳು ನೇರ ಆಸ್ಪತ್ರೆಯ ಡ್ಯೂಟಿಗೇ ಬಂದೆ. ಹಾಸ್ಟೆಲಿಗೆ ಹೋಗಿ ಚೀಲ ಇಟ್ಟದ್ದು ಸಂಜೆ.

ಫೋನು ಇರುವಾಗ ಇದೇನು ಕಾಗದ ಎಂದು ಬೈಯಬೇಡ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕಾಗದದಲ್ಲಿ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಮನೆಯಲ್ಲಿ ಉರ್ದು ಆಡಿಕೊಂಡರೂ ಬರೆಯಲು ನಮಗಿಬ್ಬರಿಗೂ ಬರುವುದು ಕೆ.ಆರ್. ಪೇಟೆ ಸರ್ಕಾರಿ ಶಾಲೆಯ ಕನ್ನಡ ಒಂದೇ. ಅದರಲ್ಲೇ ಬರೆಯೋಣ.

ನೀನು ಬಸ್ಸಿನಿಂದ ಬಿದ್ದು, ಕಾಲಿಗೆ ಪ್ಲೇಟು ಹಾಕಿಸಿಕೊಂಡು, ಆ ಗಾಯ ಕೀವಾಗಿ ಹಾಸಿಗೆ ಹಿಡಿದೆಯಲ್ಲ, ಅದಕ್ಕೆ ಕಾರಣವಾದ ಕ್ರಿಮಿ ಸಾಮಾನ್ಯ ಔಷಧಿಗೆ ಬಗ್ಗದ ಜಾತಿ. ಗಾಯ ಈಗ ಮಾಯ್ದಿದೆ. ಆದರೆ ಮೂಗಿನಿಂದ ಹತ್ತಿಯಲ್ಲಿ ತೆಗೆದ ಪರೀಕ್ಷೆ ನೋಡಿದರೆ ಕ್ರಿಮಿ ಇನ್ನೂ ನಿನ್ನ ಮೂಗಿನೊಳಗೆ, ಚರ್ಮದ ಮೇಲೆ ಸದ್ದಿಲ್ಲದೆ ಕೂತಿದೆ. ನಿನಗೆ ಕಾಯಿಲೆ ಇಲ್ಲ. ಅದಕ್ಕೆ ಇರಲು ಜಾಗ ಕೊಟ್ಟಿದ್ದೀಯ, ಅಷ್ಟೆ. ಓಡಿಸಬೇಕು.

ತಂಗಿ ಫಿಜಾ ಕೈಗೆ ಒಂದು ಬಾಟಲಿ ಕೊಟ್ಟು ಬಂದಿದ್ದೇನೆ. ಆಪರೇಷನ್‌ಗೆ ಮುಂಚೆ ರೋಗಿಗಳ ಮೈ ತೊಳೆಯಲು ನಾವು ಬಳಸುವ ದ್ರಾವಣ ಅದು. ಐದು ದಿನ ಸೋಪು ಬಿಟ್ಟು ಅದರಲ್ಲೇ ಸ್ನಾನ ಮಾಡು. ಕತ್ತು, ಕಂಕುಳು, ತೊಡೆಸಂದು, ಒಂದನ್ನೂ ಬಿಡದೆ ಉಜ್ಜಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ತೊಳೆ. ಕಣ್ಣಿಗೆ, ಕಿವಿಗೆ ಹೋಗಬಾರದು. ಮೂಗಿಗೆ ಮುಲಾಮು ಬೆಳಿಗ್ಗೆ ಸಂಜೆ. ಟವೆಲು, ಹೊದಿಕೆ, ದಿಂಬಿನ ಚೀಲ ದಿನಾ ಬಿಸಿನೀರಿಗೆ. ಸೋಂಕು ತಡೆಯುವುದೇ ನನ್ನ ಕೆಲಸ ಅಮ್ಮಿ. ಇದು ಹೋಗುತ್ತದೆ.

ನಿನ್ನ
ನೂರ್


ಕೆ.ಆರ್. ಪೇಟೆ
2 ಜುಲೈ 2024

ಮಗಳು ನೂರ್‌ಗೆ ಅಮ್ಮಿಯ ದುವಾ.

ಐದು ದಿನವೂ ನೀನು ಹೇಳಿದಂತೆಯೇ ಮಾಡಿದೆ. ಫಿಜಾ ಬಚ್ಚಲ ಬಾಗಿಲಲ್ಲಿ ನಿಂತು ‘ಕಂಕುಳು ಆಯ್ತಾ? ಕತ್ತು ಆಯ್ತಾ?’ ಎಂದು ಕೂಗುತ್ತಿದ್ದಳು. ಪಕ್ಕದ ಮನೆಗೆಲ್ಲ ನನ್ನ ಸ್ನಾನ ಗೊತ್ತಾಯಿತು. ಚರ್ಮ ಒಣಗಿದೆ. ಕಾಲು ಪರವಾಗಿಲ್ಲ, ಕೋಲು ಹಿಡಿದು ನಡೆಯುತ್ತೇನೆ.

ಬಿದ್ದ ಮೇಲೆ ಮೊದಲ ಸಲ ಶೀಳನೆರೆಗೆ ಹೋಗಿದ್ದೆ. ಬಳೆಯ ಮಲಾರದ ಗಂಟನ್ನು ನಿನ್ನ ತಮ್ಮ ಶೋಯಬ್ ಬಸ್ಸಿಗೇರಿಸಿದ, ಕಂಡಕ್ಟರು ಇಳಿಸಿಕೊಟ್ಟ. ಎಂದಿನಂತೆ ಸೋಮಮ್ಮನ ಜಗಲಿಯ ಮೇಲೆ ಬಿಚ್ಚಿದೆ. ಹೆಂಗಸರು ಬಂದರು, ಬಣ್ಣ ನೋಡಿದರು, ನನ್ನ ಕಾಲು ವಿಚಾರಿಸಿದರು. ಯಾರೂ ಕೈ ಚಾಚಲಿಲ್ಲ. ಸೋಮಮ್ಮ, ‘ಕೆಂಪ್ನವು ಒಂದ್ ಡಜನ್ ಕೊಡಕ್ಕ, ನಾನೇ ಆಕ್ಕತೀನಿ’ ಅಂದಳು. ಅವಳು ಹುಟ್ಟಿದ ಮೇಲೆ ತಾನೇ ಬಳೆ ಇಟ್ಟುಕೊಂಡವಳಲ್ಲ.

‘ಯಾಕೆ, ನನ್ ಕೈಗೇನಾಗದೆ?’ ಅಂದೆ.

‘ಏನಿಲ್ಲ ಕಣಕ್ಕ, ನಿಂಗ್ಯಾಕೆ ತೊಂದ್ರೆ ಅಂತ.’

ಜಯಲಕ್ಷ್ಮಮ್ಮ ಒಬ್ಬಳೇ ನೆಟ್ಟಗೆ ಕೇಳಿದವಳು. ನಿನಗೆ ಗೊತ್ತಲ್ಲ, ಅವಳಿಗೆ ಮನಸ್ಸಿನಲ್ಲಿಟ್ಟುಕೊಂಡು ಅಭ್ಯಾಸವಿಲ್ಲ. ಅವಳ ಮದುವೆಗೆ ಬಳೆ ತೊಡಿಸಿದವಳು ನಾನು, ಅವಳ ಮಗಳು ಪವಿತ್ರಳ ಮದುವೆಗೂ ನಾನೇ.

‘ನಿಮ್ ಶೋಯಬ್ಬು ಟೀ ಅಂಗಡೀಲಿ ಯೋಳ್ತಿದ್ನಂತೆ. ಯಾವ ಔಸ್ತಿಗೂ ಬಗ್ಗಕಿಲ್ವಂತೆ, ಮುಟ್ಟುದ್ರೆ ಅಂಟ್ತದಂತೆ. ದಿಟವಾ ರಹಮತ್ತಕ್ಕ?’

ನಾನು ಬಿಚ್ಚಿದ ಬಳೆಗಳನ್ನು ಮತ್ತೆ ಕಟ್ಟತೊಡಗಿದೆ.

‘ಪವಿತ್ರಂಗೆ ಶ್ರಾವಣ್ದಲ್ಲಿ ಸೀಮಂತ ಮಾಡ್ಬೇಕು ಅಂತಿದ್ವಿ. ನೀನಿಲ್ದೆ ಯಂಗ್ ಮಾಡದು? ನೀನಿದ್ರೆ ಯಂಗ್ ಮಾಡದು? ನೀನೇ ಯೋಳು’ ಅಂದಳು. ಟೀ ಕೊಟ್ಟಳು. ಲೋಟವನ್ನು ಕೈಗೆ ಕೊಡಲಿಲ್ಲ, ಜಗಲಿಯ ಮೇಲಿಟ್ಟಳು.

ಹನ್ನೊಂದರ ಬಸ್ಸಿಗೇ ವಾಪಸು ಬಂದೆ.

ಶೋಯಬ್‌ನನ್ನು ಬೈದಾಯಿತು, ನೀನು ಮತ್ತೆ ಬೈಯಬೇಡ. ಅವನು ಓಮ್ನಿ ಓಡಿಸುವವನು, ಕೂತವರ ಜೊತೆ ಮಾತಾಡದಿದ್ದರೆ ಅವನಿಗೆ ದಾರಿ ಸಾಗುವುದಿಲ್ಲ. ನನಗೆ ಒಂದು ಉತ್ತರ ಬೇಕು. ನನ್ನ ಕೈಯಿಂದ ಅಂಟುತ್ತದೋ ಇಲ್ಲವೋ? ಮಗಳಾಗಿ ಸಮಾಧಾನ ಹೇಳಬೇಡ. ನರ್ಸಾಗಿ ಹೇಳು.

ನಿನ್ನ ಅಮ್ಮಿ
ರೆಹಮತುನ್ನೀಸಾ


ಹುಬ್ಬಳ್ಳಿ
11 ಜುಲೈ 2024

ಅಮ್ಮೀಗೆ ಸಲಾಂ.

ನರ್ಸಾಗಿ ಹೇಳುತ್ತೇನೆ. ಅಂಟಬಹುದು.

ಗಟ್ಟಿಮುಟ್ಟಾದ ಹೆಂಗಸಿಗೆ ಅಂಟಿದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೀನು ಸೋಪಿನಲ್ಲಿ ಚೆನ್ನಾಗಿ ಕೈ ತೊಳೆದರೆ ಅಂಟುವುದೇ ಕಡಿಮೆ. ಸೋಮಮ್ಮ ಹೆದರುವ ಹಾಗೆ ಗಾಳಿಯಲ್ಲಿ ಹಾರಿ ಬಂದು ಹಿಡಿಯುವ ರೋಗ ಇದಲ್ಲ. ಆದರೆ ನಿನ್ನ ಕೆಲಸ ಗಾಜಿನದು. ಬಳೆ ಒಡೆಯುತ್ತದೆ, ಕೈ ಗೀಚುತ್ತದೆ. ಚರ್ಮ ಎಲ್ಲಿ ಬಿರಿಯುತ್ತದೋ ಅಲ್ಲಿ ಈ ಕ್ರಿಮಿಗೆ ಬಾಗಿಲು. ಪವಿತ್ರ ಬಸುರಿ. ನಾಳೆ ಹೆರಿಗೆಗೆ ಹೊಟ್ಟೆ ಕೊಯ್ಯಬೇಕಾಗಿ ಬಂದರೂ ಬರಬಹುದು. ಎರಡನೇ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬರುವವರೆಗೆ ನೀನು ಅವಳ ಕೈ ಹಿಡಿಯಬಾರದು. ಇದರಲ್ಲಿ ಎರಡು ಮಾತಿಲ್ಲ.

ಮೊನ್ನೆ ನಮ್ಮ ವಾರ್ಡಿಗೆ ಹೊಸ ನರ್ಸು ಬಂದಳು. ಮದುವೆಯಾಗಿ ತಿಂಗಳಾಗಿಲ್ಲ, ಎರಡೂ ಕೈ ತುಂಬ ಬಳೆ. ಮೊಣಕೈ ಕೆಳಗೆ ಏನೂ ಇರಕೂಡದು, ಬಳೆಯ ಅಡಿಯ ಚರ್ಮಕ್ಕೆ ಔಷಧಿ ಮುಟ್ಟುವುದಿಲ್ಲ, ತೆಗೆದುಬಿಡಿ ಅಂದೆ. ಅವಳು ಅತ್ತಳು. ಅವಳು ಅತ್ತು ಮುಗಿಸಿ, ಒಂದೊಂದೇ ತೆಗೆಯುವ ತನಕ ಪಕ್ಕದಲ್ಲೇ ನಿಂತಿದ್ದೆ. ಒಳಗೊಳಗೇ ನನ್ನನ್ನು ಏನೆಂದು ಬೈದುಕೊಂಡಳೋ. ನಾನು ಯಾರ ಮಗಳು ಎಂದು ಅವಳಿಗೆ ಹೇಳಲಿಲ್ಲ.

ಹಳ್ಳಿ ತಿರುಗುವುದನ್ನು ಫಿಜಾಳಿಗೆ ಕೊಟ್ಟು ನೀನು ಪೇಟೆಯ ನಮ್ಮ ಬಳೆ ಅಂಗಡಿಯಲ್ಲೇ ಕೂರಬಹುದಲ್ಲವೇ? ನಿನಗೂ ವಯಸ್ಸಾಯಿತು.

ನಿನ್ನ
ನೂರ್


ಕೆ.ಆರ್. ಪೇಟೆ
28 ಆಗಸ್ಟ್ 2024

ನೂರ್‌ಗೆ ದುವಾ.

ಉತ್ತರ ತಡವಾಯಿತು. ಕಾಲು ನೋವಿತ್ತು.

ಪವಿತ್ರಳ ಸೀಮಂತ ಆಯಿತು. ನಾನು ಹೋಗಲಿಲ್ಲ. ಹಸಿರು ಬಳೆ ಆರಿಸಿ, ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಫಿಜಾ ಕೈಯಲ್ಲಿ ಕಳುಹಿಸಿದೆ. ಅವಳ ಅಳತೆ ನನಗೆ ಗೊತ್ತು, ಬಸುರಿಯ ಕೈ ಊದಿರುತ್ತದೆ ಎಂದು ಒಂದು ಸುತ್ತು ದೊಡ್ಡದನ್ನೇ ಇಟ್ಟಿದ್ದೆ. ಬಿಂಡಿಗನವಿಲೆಯಿಂದ ಬಂದಿದ್ದ ಜಯಲಕ್ಷ್ಮಮ್ಮನ ನಾದಿನಿ ತೊಡಿಸಿದಳಂತೆ. ಮೂರು ಒಡೆದವಂತೆ.

ಎರಡನೇ ಪರೀಕ್ಷೆಗೆ ಶೋಯಬ್ ಮಂಡ್ಯಕ್ಕೆ ಕರೆದುಕೊಂಡು ಹೋಗಿದ್ದ. ಕ್ರಿಮಿ ಇನ್ನೂ ಇದೆಯಂತೆ. ನಿನ್ನ ಬಾಟಲಿ, ನಿನ್ನ ಮುಲಾಮು, ಫಿಜಾಳ ಕೂಗಾಟ ಎಲ್ಲ ಆಗಿಯೂ ಇದೆ.

ಇನ್ನೊಂದು ವಿಷಯ. ಶೋಯಬ್‌ನ ಕಂಕುಳಲ್ಲಿ ಕುರು ಎದ್ದಿದೆ. ರಂಜಾನ್‌ನಲ್ಲೂ ಒಂದು ಎದ್ದಿತ್ತು, ನಾನು ಆಸ್ಪತ್ರೆಯಲ್ಲಿದ್ದಾಗಲೂ ಒಂದು ಎದ್ದಿತ್ತಂತೆ. ನೂರ್ ಆಪಾಗೆ ಹೇಳಬೇಡಿ, ಆಮೇಲೆ ನನಗೂ ಆ ನೀರಿನಲ್ಲಿ ಸ್ನಾನ ಮಾಡಿಸುತ್ತಾಳೆ ಅಂದ. ಅದಕ್ಕೇ ಹೇಳುತ್ತಿದ್ದೇನೆ.

ವಯಸ್ಸಾಯಿತು ಎಂದು ಬರೆದಿದ್ದೀಯ. ಕಾಲಿಗೆ ಆಗಿದೆ. ಕೈಗೆ ಆಗಿಲ್ಲ. ನೀನು ಕೆಲಸಕ್ಕೆ ಸೇರಿದ ವರ್ಷ ಹುಬ್ಬಳ್ಳಿಗೆ ಬಂದಾಗ ನಿನಗೆ ಎರಡು ಡಜನ್ ಚುಕ್ಕಿ ಬಳೆ ತಂದಿದ್ದೆ. ನೀನು ಬೀರುವಿನಲ್ಲಿಟ್ಟೆ. ಯಾಕೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹೊಸ ನರ್ಸಿಗೆ ಹೇಳಿದ್ದನ್ನು ನೀನು ಆವತ್ತೇ ನನಗೂ ಹೇಳಿದ್ದರೆ ಚೆನ್ನಾಗಿತ್ತು.

ಅಮ್ಮಿ


ಹುಬ್ಬಳ್ಳಿ
4 ಸೆಪ್ಟೆಂಬರ್ 2024

ಅಮ್ಮಿ,

ಸಿಕ್ಕಿಬಿದ್ದ! ನಿನ್ನ ಮೈಯಿಂದ ಓಡಿಸಿದ ಕ್ರಿಮಿ ನಿನ್ನ ಮಗನ ಕಂಕುಳಲ್ಲಿ ಕೂತು ಮತ್ತೆ ನಿನ್ನ ಬಳಿಗೇ ಬಂದಿದೆ. ಒಬ್ಬರಿಗೆ ಮಾತ್ರ ಮಾಡಿದ್ದು ಸಾಲಲಿಲ್ಲ. ನಾನೇ ಕೇಳಬೇಕಿತ್ತು.

ಕುರುವನ್ನು ಯಾರೂ ಹಿಸುಕಬಾರದು. ಡಾಕ್ಟರ ಹತ್ತಿರ ತೆಗೆಸಲಿ, ಕೀವು ಪರೀಕ್ಷೆಗೆ ಹೋಗಲಿ. ಅದು ಮಾಯ್ದ ಮೇಲೆ ಮೂವರೂ ಒಂದೇ ವಾರ ಸ್ನಾನ, ಮುಲಾಮು ಶುರು ಮಾಡಿ. ಒಬ್ಬರ ಟವೆಲು ಇನ್ನೊಬ್ಬರು ಮುಟ್ಟಬೇಡಿ. ಈ ಸಲ ಬಚ್ಚಲ ಬಾಗಿಲಲ್ಲಿ ನಿಂತು ಕೂಗುವವಳು ನೀನು.

ಚುಕ್ಕಿ ಬಳೆ ನನ್ನ ಹತ್ತಿರವೇ ಇವೆ. ರಜೆಯ ದಿನ ಹಾಕಿಕೊಳ್ಳುತ್ತೇನೆ. ಅದನ್ನೂ ಹೇಳಿರಲಿಲ್ಲ.

ನೂರ್


ಕೆ.ಆರ್. ಪೇಟೆ
9 ನವೆಂಬರ್ 2024

ಮಗಳು ನೂರ್‌ಗೆ ದುವಾ.

ನಿನ್ನೆ ಅರ್ಧ ಮಾತಿನಲ್ಲೇ ಫೋನ್ ಇಟ್ಟೆ. ಅಳು ಬಂತೆಂದು ತಿಳಿಯಬೇಡ. ಜಯಲಕ್ಷ್ಮಮ್ಮ ನಮ್ಮ ಜಗಲಿಯ ಮೇಲೆ ನಿಂತಿದ್ದಳು. ಏನಾಯಿತೆಂದು ಮೊದಲಿನಿಂದ ಬರೆಯುತ್ತೇನೆ.

ಪವಿತ್ರಳಿಗೆ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಹೆರಿಗೆಯಾಯಿತು, ಹೆಣ್ಣು ಕೂಸು. ತಾಯಿ ಮಗು ಚೆನ್ನಾಗಿದ್ದಾರೆಂದು ಕೇಳಿ ಇಲ್ಲಿಂದಲೇ ದುವಾ ಮಾಡಿದ್ದೆ. ಮನೆಗೆ ಹೋದ ವಾರದಲ್ಲೇ ಹೊಲಿಗೆ ಬಿಟ್ಟು ಕೀವು ಶುರುವಾಗಿದೆ. ಎರಡು ಸಲ ಔಷಧಿ ಬದಲಾಯಿಸಿ ಕಳುಹಿಸಿದ್ದಾರೆ. ಜ್ವರ ಇಳಿದಿಲ್ಲ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಅದು ಬಳೆಗಾರ್ತಿಯ ರೋಗ, ಬಳೆಯಲ್ಲಿ ಬಂದದ್ದು.

ನಿನ್ನೆ ಮಧ್ಯಾಹ್ನ ಜಯಲಕ್ಷ್ಮಮ್ಮ ಬಂದಳು. ಸೀಮಂತದಲ್ಲಿ ಮುತ್ತೈದೆಯರಿಗೆ ಕೊಟ್ಟು ಉಳಿದ ಬಳೆಗಳನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಹೊಸಿಲ ಮುಂದಿಟ್ಟಳು.

‘ತಕ್ಕೊ. ನನ್ ಮಗಳು ಉಳುದ್ರೆ ಆಮೇಲೆ ಮಾತಾಡನ’ ಅಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗಲೇ ನಿನಗೆ ಫೋನ್ ಮಾಡಿದ್ದು. ನೀನು, ‘ಕೀವು ಪರೀಕ್ಷೆಗೆ ಕಳಿಸಿದ್ದಾರಾ?’ ಎಂದು ಕೇಳಿದ್ದನ್ನು ಹಾಗೇ ಅವಳಿಗೆ ಕೇಳಿದೆ. ‘ಅದೆಲ್ಲ ನಂಗೇನ್ ಗೊತ್ತು’ ಅಂದಳು. ನೀನು ‘ಮಂಡ್ಯ, ಈಗಲೇ’ ಅಂದೆ. ನಾನು ಫೋನ್ ಇಟ್ಟು ಶೋಯಬ್‌ನನ್ನು ಕೂಗಿ ಓಮ್ನಿ ತೆಗೆಸಿದೆ.

‘ಬೈಯದಾದ್ರೆ ದಾರೀಲಿ ಬೈಯಿ ಜಯಮ್ಮ. ಮೊದ್ಲು ಗಾಡಿ ಹತ್ತು. ಶೀಳನೆರೆಗೋಗಿ ಪವಿತ್ರನ್ನ ಕರ್ಕಂಡು ಮಂಡ್ಯ ದೊಡ್ಡಾಸ್ಪತ್ರೆಗೆ ಓಗನ’ ಅಂದೆ.

‘ನಿನ್ ಗಾಡೀಲಾ?’

‘ನನ್ ಮಗನ್ ಗಾಡೀಲಿ. ನಾನು ಮುಂದ್ಗಡೆ ಕೂತ್ಕತೀನಿ, ಕಿಟಕಿ ತೆಕ್ಕೊಂಡು. ನೀವ್ ಹಿಂದ್ಗಡೆ.’

ಹತ್ತಿದಳು. ಪವಿತ್ರಳನ್ನು ನೋಡಿದೆ, ಮುಖ ಸುಟ್ಟ ಹಾಗಿತ್ತು. ಅಷ್ಟು ಜ್ವರದಲ್ಲೂ ‘ರಹಮತ್ತವ್ವ, ಕಾಲು ವಾಸಿ ಆಯ್ತಾ?’ ಎಂದು ಕೇಳಿದಳು. ಸೇರಿಸಿಕೊಂಡಿದ್ದಾರೆ. ಕೀವು ತೆಗೆದಿದ್ದಾರೆ, ವರದಿಗೆ ಎರಡು ಮೂರು ದಿನವಂತೆ. ನಮ್ಮ ಮೂವರ ಸ್ನಾನ, ಮುಲಾಮು ಮುಗಿದಿದ್ದರೂ ನನ್ನ ಮೂರನೇ ಪರೀಕ್ಷೆ ಇನ್ನೂ ಆಗಿಲ್ಲ, ಅದಕ್ಕೆ ವಾರ್ಡಿನ ಒಳಗೆ ಹೋಗಲಿಲ್ಲ. ಹೊರಗೆ ಕಲ್ಲುಬೆಂಚಿನ ಮೇಲಿದ್ದೆ.

ನೂರ್, ನಿನ್ನ ಹತ್ತಿರ ಮಾತ್ರ ಹೇಳುತ್ತೇನೆ. ಬಳೆ ತೊಳೆದೇ ಕಳುಹಿಸಿದೆ. ಆದರೂ ನನ್ನ ಕೈಯಿಂದಲೇ ಹೋಗಿದ್ದರೆ?

ಅಮ್ಮಿ


ಹುಬ್ಬಳ್ಳಿ
12 ನವೆಂಬರ್ 2024

ಅಮ್ಮಿ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ.

ನೀನು ಅವಳನ್ನು ಗಾಡಿ ಹತ್ತಿಸಿದ್ದೇ ದೊಡ್ಡ ಕೆಲಸ. ಯಾವ ಕ್ರಿಮಿ ಎಂದು ತಿಳಿಯದೆ ಔಷಧಿ ಬದಲಾಯಿಸುತ್ತಾ ಕೂತಿದ್ದರೆ ದಿನ ಕಳೆಯುತ್ತಿತ್ತು, ಪವಿತ್ರ ಇನ್ನಷ್ಟು ಕುಸಿಯುತ್ತಿದ್ದಳು.

ತೊಳೆದು ಒಣಗಿಸಿದ ಬಳೆಯಿಂದ, ಅದೂ ತಿಂಗಳು ಎರಡು ಕಳೆದ ಮೇಲೆ, ಹೊಟ್ಟೆಯ ಹೊಲಿಗೆಗೆ ಸೋಂಕು ಹೋಗಿರಲಾರದು ಎಂದೇ ನನ್ನ ಬುದ್ಧಿ ಹೇಳುತ್ತದೆ. ಆದರೆ ನೀನು ನರ್ಸಿನ ಉತ್ತರ ಕೇಳುವವಳು. ವರದಿ ಬರುವವರೆಗೆ ನಾನು ಆಣೆ ಇಡುವುದಿಲ್ಲ. ಕೀವಿನಲ್ಲಿ ನಿನ್ನ ಕ್ರಿಮಿಯೇ ಸಿಕ್ಕಿದರೆ ಮುಚ್ಚಿಡಬೇಡ, ಡಾಕ್ಟರಿಗೆ ನಿನ್ನ ವಿಷಯ ಪೂರ್ತಿ ಹೇಳು. ನಾನು ರಜೆ ಹಾಕಿ ಬಂದು ಜಯಲಕ್ಷ್ಮಮ್ಮನ ಮುಂದೆ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಓಡಿಹೋಗುವವರು ನಾವಲ್ಲ.

ನಿನ್ನ ಪರೀಕ್ಷೆಯನ್ನೂ ಈ ವಾರವೇ ಮಾಡಿಸು.

ನೂರ್


ಮಂಡ್ಯ, ಆಸ್ಪತ್ರೆಯ ಹೊರಗಿನ ಬೆಂಚು
17 ನವೆಂಬರ್ 2024

ನನ್ನ ಮಗಳು ನೂರ್‌ಗೆ ದುವಾ, ಸಾವಿರ ದುವಾ.

ನಮ್ಮದಲ್ಲ. ನಮ್ಮ ಕ್ರಿಮಿ ಅಲ್ಲ.

ಡಾಕ್ಟರಮ್ಮ ಜಯಲಕ್ಷ್ಮಮ್ಮನನ್ನೂ ಪವಿತ್ರಳ ಗಂಡ ನಿಂಗರಾಜುವನ್ನೂ ಕೂರಿಸಿಕೊಂಡು ಹೇಳಿದರು. ನಾನು ಬಾಗಿಲಲ್ಲಿದ್ದೆ. ನನ್ನದು ಚರ್ಮದ ಮೇಲಿರುವ ಜಾತಿ, ಇದು ನೀರಿನಲ್ಲಿ ಬೆಳೆಯುವ ಬೇರೆ ಜಾತಿಯಂತೆ. ಇದೂ ಬಹಳ ಔಷಧಿಗೆ ಬಗ್ಗುವುದಿಲ್ಲ, ಕೇಳುವುದು ಒಂದೆರಡು ಔಷಧಿ ಮಾತ್ರ, ಅದರಲ್ಲಿ ಒಂದನ್ನು ಶುರು ಮಾಡಿದ್ದಾರೆ. ಅದೇ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆದ ಇನ್ನಿಬ್ಬರು ಬಾಣಂತಿಯರೂ ಇದೇ ವಾರ್ಡಿನಲ್ಲಿದ್ದಾರೆ, ಒಬ್ಬಳು ನಾಗಮಂಗಲದ ಕಡೆಯವಳು, ಇನ್ನೊಬ್ಬಳು ಪಾಂಡವಪುರದವಳು. ಅವರಿಗೂ ಇದೇ. ನಿಂಗರಾಜು ಎದ್ದು ಹೋಗಿ ಅವರಿಬ್ಬರನ್ನೂ ಕೇಳಿ ಬಂದ, ‘ಬಳೆ ಯಾರತ್ರ ತೊಟ್ಟಿದ್ರಿ?’ ಎಂದು. ಅವರು ನನ್ನ ಹೆಸರನ್ನೇ ಕೇಳಿಲ್ಲ.

ನಿನ್ನೆ ತಾಲ್ಲೂಕಿನ ಆರೋಗ್ಯದವರು ಅಲ್ಲಿಗೆ ಹೋಗಿ ನೋಡಿದರಂತೆ. ಕೊಯ್ಯುವ ಮುಂಚೆ ಹೊಟ್ಟೆ ಒರೆಸುವ ದ್ರಾವಣಕ್ಕೆ ನೀರು ಬೆರೆಸಿ ದೊಡ್ಡ ಬಾಟಲಿಯಲ್ಲಿಟ್ಟಿದ್ದರು. ಮುಗಿಯುತ್ತಾ ಬಂದರೆ ತೊಳೆಯದೆ ಅದರ ಮೇಲೇ ತುಂಬುತ್ತಿದ್ದರು. ಕ್ರಿಮಿ ಕೊಲ್ಲುವ ನೀರಿನಲ್ಲೇ ಕ್ರಿಮಿ ಸಂಸಾರ ಹೂಡಿತ್ತು. ಅಲ್ಲಿಯ ಡಾಕ್ಟರು ವಾದ ಮಾಡಲಿಲ್ಲ. ಎಲ್ಲ ಚೆಲ್ಲಿಸಿ ಆಪರೇಷನ್ ಕೋಣೆಗೆ ಬೀಗ ಹಾಕಿಸಿದರಂತೆ.

ಇವತ್ತು ಬೆಳಿಗ್ಗೆ ಇನ್ನೊಂದಾಯಿತು. ಪವಿತ್ರಳ ಕೈಯ ನರ ಸಿಗದೆ ಸೂಜಿ ಹಾಕಲು ಕಷ್ಟವಾಗುತ್ತಿತ್ತು. ಬಳೆಗಳನ್ನು ತೆಗೆಯಲೇಬೇಕು ಅಂದರು ಸಿಸ್ಟರು. ಕೈ ಊದಿತ್ತು, ಬಳೆ ಬಿಗಿಯಾಗಿ ಕೂತಿತ್ತು. ‘ಒಡೆದು ತೆಗೀತೀನಿ’ ಎಂದು ಕತ್ತರಿ ತಂದರು. ಜಯಲಕ್ಷ್ಮಮ್ಮ ಅಡ್ಡ ನಿಂತಳು. ಬಾಣಂತಿಯ ಕೈಯ ಹಸಿರು ಬಳೆ ಒಡೆಯುವುದನ್ನು ಯಾವ ತಾಯಿ ನೋಡುತ್ತಾಳೆ? ಆಮೇಲೆ ಹೊರಗೆ ಬಂದಳು, ಈ ಬೆಂಚಿನ ಹತ್ತಿರಕ್ಕೆ. ಎದುರಿಗೆ ನಿಂತಳು, ನನ್ನ ಮುಖ ನೋಡಲಿಲ್ಲ.

‘ನೀನೇ ಬಂದು ತೆಗೀಯಕ್ಕ.’

‘ನನ್ ಪರೀಕ್ಸೆ ಇನ್ನೂ ಬಂದಿಲ್ಲ ಜಯಮ್ಮ.’

‘ಸಿಸ್ಟ್ರಿಗೆ ಯೋಳು. ಅವ್ರು ಯಂಗಂತಾರೋ ಅಂಗ್ ಮಾಡು. ಒಡೀಬ್ಯಾಡ, ಅಷ್ಟೇಯ.’

ಸಿಸ್ಟರಿಗೆ ಎಲ್ಲ ಹೇಳಿದೆ. ಕೈ ತೊಳೆಸಿದರು, ಗ್ಲೌಸು ಹಾಕಿಸಿದರು. ನಮ್ಮ ವಂಶದಲ್ಲಿ ಗ್ಲೌಸು ಹಾಕಿಕೊಂಡು ಬಳೆ ಮುಟ್ಟಿದವಳು ನಾನೇ ಮೊದಲು. ಪವಿತ್ರಳ ಕೈಗೆ ಸೋಪಿನ ನೊರೆ ಹಚ್ಚಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗಿಣ್ಣಿನ ಮೂಳೆಗಳನ್ನು ಒಂದರ ಮೇಲೊಂದು ಬರುವಂತೆ ಒತ್ತಿ ಹಿಡಿದು ಜಾರಿಸಿದೆ. ಒಂದು ಬಂತು. ಇನ್ನೊಂದು ಬಂತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಜಯಲಕ್ಷ್ಮಮ್ಮ ಒಂದೊಂದನ್ನೇ ಇಸಿದುಕೊಂಡು ಸೆರಗಿನಲ್ಲಿ ಹಾಕಿಕೊಳ್ಳುತ್ತಿದ್ದಳು. ಮಗಳ ಎರಡೂ ಕೈ ಬರಿದಾದಾಗ ಅವಳ ಕಣ್ಣಲ್ಲಿ ನೀರು.

‘ಅಳ್ಬ್ಯಾಡ. ನನ್ ಮಗಳೂವೆ ಕೆಲ್ಸದಲ್ಲಿ ಬರೀ ಕೈಲೇ ಇರ್ತಾಳೆ. ಇದು ಕಳ್ಕಂಡಿದ್ದಲ್ಲ, ವಾಸಿಯಾಗಕ್ಕೆ ತೆಗೆದಿದ್ದು’ ಅಂದೆ. ಹೇಳಿದ ಮೇಲೆ ನನಗೇ ಅದು ಅರ್ಥವಾಯಿತು.

ಸೂಜಿ ಕೂತಿತು. ಹೊರಗೆ ಬಂದಾಗ ಜಯಲಕ್ಷ್ಮಮ್ಮ, ‘ವಾಸಿಯಾಗಿ ಮನೆಗ್ ಬಂದ್ ದಿನವೇ ನೀನ್ ಬಂದು ತೊಡುಸ್ಬೇಕು’ ಅಂದಳು.

‘ನನ್ ಪರೀಕ್ಸೆ ಇಲ್ಲ ಅಂತ ಬರ್ಲಿ. ಅಲ್ಲೀಗಂಟ ಬರಾಕಿಲ್ಲ. ನೀನು ಕಾಲಿಗ್ ಬಿದ್ರೂ ಬರಾಕಿಲ್ಲ’ ಅಂದೆ. ಇದನ್ನು ಹೇಳುವಾಗ ಎಷ್ಟು ಹಾಯೆನಿಸಿತು ಗೊತ್ತಾ.

ಅಮ್ಮಿ


ಹುಬ್ಬಳ್ಳಿ
25 ನವೆಂಬರ್ 2024

ಅಮ್ಮಿ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಎರಡು ಸಲ ಓದಿದೆ. ಆ ಹೊಸ ನರ್ಸನ್ನು ಕರೆದು, ಬಳೆ ತೆಗೆದ ಭಾಗವನ್ನು ಅವಳಿಗೂ ಓದಿ ಹೇಳಿದೆ. ‘ಬರೆದವರು ಯಾರು ಮೇಡಂ?’ ಅಂದಳು. ‘ನನ್ನ ತಾಯಿ. ಬಳೆಗಾರ್ತಿ’ ಅಂದೆ.

ಆ ನರ್ಸಿಂಗ್ ಹೋಮಿನ ಡಾಕ್ಟರು ನೀನು ಮಂಡ್ಯದ ಸಿಸ್ಟರಿಗೆ ಕೊಟ್ಟಿದ್ದ ನನ್ನ ನಂಬರು ತೆಗೆದುಕೊಂಡು ಫೋನ್ ಮಾಡಿದ್ದರು. ಬೀಗ ತೆಗೆಯುವ ಮುಂಚೆ ಅವರ ಸಿಬ್ಬಂದಿಗೆ ಎಲ್ಲ ತೋರಿಸಿಕೊಡಬೇಕಂತೆ. ಮೊದಲು ಸಿಟ್ಟು ಬಂತು. ಆಮೇಲೆ ಒಪ್ಪಿಕೊಂಡೆ. ಸಿಟ್ಟಿನಿಂದ ಬಾಟಲಿ ತೊಳೆದಂತಾಗುವುದಿಲ್ಲ. ಜನವರಿಯಲ್ಲಿ ಬರುತ್ತೇನೆ.

ನೂರ್


ಕೆ.ಆರ್. ಪೇಟೆ
3 ಜನವರಿ 2025

ನೂರ್‌ಗೆ ದುವಾ.

ನೀನು ಬರುವಷ್ಟರಲ್ಲಿ ಇದು ತಲುಪುತ್ತದೋ ಇಲ್ಲವೋ. ಆದರೂ ಬರೆಯಬೇಕೆನಿಸಿತು.

ನನ್ನ ವರದಿಯಲ್ಲಿ ಈ ಸಲ ಏನೂ ಇಲ್ಲ. ಶೋಯಬ್‌ನದರಲ್ಲೂ ಇಲ್ಲ. ಅವನು ಅದನ್ನೂ ಟೀ ಅಂಗಡಿಯಲ್ಲಿ ಹೇಳಿದ್ದಾನೆ, ಈ ಸಲ ನಾನೇ ಹೇಳು ಅಂದಿದ್ದೆ.

ಇವತ್ತು ಬೆಳಿಗ್ಗೆ ಶೀಳನೆರೆಗೆ ಹೋದೆ. ಪವಿತ್ರ ಎದ್ದು ಓಡಾಡುತ್ತಿದ್ದಾಳೆ. ಹೊಟ್ಟೆಯ ಗಾಯ ಪೂರ್ತಿ ಕೂಡಿದೆ, ಕಲೆ ದಪ್ಪವಾಗಿದೆ ಅಷ್ಟೆ. ಕೈ ತೊಳೆದುಕೊಂಡು ಅವಳಿಗೆ ಬಳೆ ತೊಡಿಸಿದೆ. ಊತ ಇಳಿದು ಅಳತೆಯೇ ಬದಲಾಗಿದೆ, ಚಿಕ್ಕ ಸುತ್ತಿನವು ಬೇಕಾದವು. ತೊಡಿಸುತ್ತಾ ಇದ್ದ ಹಾಗೆಯೇ ಕೂಸು ಎದ್ದು ರಚ್ಚೆ ಹಿಡಿಯಿತು. ಜಯಲಕ್ಷ್ಮಮ್ಮ ಒಳಗಿನಿಂದ ಎತ್ತಿಕೊಂಡು ಬಂದವಳು ನನ್ನನ್ನು ಏನೂ ಕೇಳದೆ ನನ್ನ ಮಡಿಲಿಗೆ ಹಾಕಿದಳು.

‘ಇಡ್ಕೊಂಡಿರಕ್ಕ, ಒಲೆ ಮ್ಯಾಲೆ ಹಾಲದೆ’ ಎಂದು ಒಳಗೆ ಹೋದಳು.

ಹಾಲು ಕಾಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅವಳು ಬೇಗ ಹೊರಗೆ ಬರಲಿಲ್ಲ. ಕೂಸು ನನ್ನ ಬೆರಳು ಹಿಡಿದುಕೊಂಡು ನಿದ್ದೆ ಮಾಡಿತು.

ನಿನ್ನ ಅಮ್ಮಿ
ರೆಹಮತುನ್ನೀಸಾ